ಕಾಯಿಲೆಯ ಮರೆಯಲ್ಲಿ ಇನ್ನೊಂದು ಕಾಯಿಲೆ: ಆಸ್ಪತ್ರೆ ಸೇರಿದ ಹಿರಿಯರ ಖಿನ್ನತೆ

ಹೃದಯ ವೈಫಲ್ಯದಿಂದ ಉಬ್ಬಸ ಹೆಚ್ಚಾಗಿ ನಮ್ಮ ದೊಡ್ಡಮ್ಮನನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ ಅವರಿಗೆ 74 ವರ್ಷ. ರಾಜಾಜಿನಗರದ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು, ಬೆಳಗಿನ ಕಾಫಿಯ ಜೊತೆ ಪತ್ರಿಕೆಯ ಪದಬಂಧ ತುಂಬದೆ ಸ್ನಾನಕ್ಕೆ ಏಳದವರು. ಇಪ್ಪತ್ತೆರಡು ವರ್ಷಗಳ ಸಕ್ಕರೆ ಕಾಯಿಲೆಯನ್ನು ಡಬ್ಬಿ ತುಂಬ ಮಾತ್ರೆಗಳೊಂದಿಗೆ ಅಚ್ಚುಕಟ್ಟಾಗಿ ನಿಭಾಯಿಸಿಕೊಂಡು ಬಂದಿದ್ದರು. ಆಸ್ಪತ್ರೆಯಲ್ಲಿ ಅವರ ಮಗಳು ದಿನವೂ ಪತ್ರಿಕೆ ತಂದು ಮಂಚದ ಪಕ್ಕದ ಕಪಾಟಿನ ಮೇಲೆ ಇಡುತ್ತಿದ್ದಳು. ಆರನೆಯ ದಿನ ನಾನು ನೋಡಲು ಹೋದಾಗ ಫ್ಲಾಸ್ಕಿನ ಅಡಿಯಲ್ಲಿ ಐದು ದಿನಗಳ ಪತ್ರಿಕೆಗಳು ಮಡಿಕೆ ಕೂಡ ಬಿಚ್ಚದೆ ಒಂದರ ಮೇಲೊಂದು ಬಿದ್ದಿದ್ದವು.

ಕಾಲಿನ ಊತ ಇಳಿದಿತ್ತು, ಉಸಿರಾಟ ಹಗುರವಾಗಿತ್ತು. ರೌಂಡ್ಸಿಗೆ ಬಂದ ವೈದ್ಯರು ಮೂತ್ರದ ಅಳತೆ, ಪೊಟ್ಯಾಸಿಯಂ, ಸಕ್ಕರೆಯ ಅಂಕಿಗಳನ್ನು ನೋಡಿ, ಸುಧಾರಿಸುತ್ತಿದ್ದಾರೆ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ದೊಡ್ಡಮ್ಮ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಟ್ಟೆಯಲ್ಲಿ ಇಡ್ಲಿ ಹಾಗೆಯೇ ಒಣಗಿತ್ತು. ‘ವಯಸ್ಸಾಯ್ತಲ್ಲ, ಇಷ್ಟೆಲ್ಲ ಕಾಯಿಲೆ ಇಟ್ಕೊಂಡು ಬೇಜಾರಿಲ್ದೆ ಇರುತ್ತಾ?’ ಎಂದು ಡ್ಯೂಟಿ ಡಾಕ್ಟರ್ ಹೇಳಿದರು, ಪಕ್ಕದ ಮಂಚದ ಅಜ್ಜಿಯ ಸೊಸೆ ಹೇಳಿದಳು, ಕೊನೆಗೆ ನಾವೂ ಅದನ್ನೇ ಹೇಳಿಕೊಂಡು ಮನೆಗೆ ಬಂದೆವು.

ಅದು ಯಾರೂ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ದೀರ್ಘಕಾಲದ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಹಿರಿಯರ ಖಿನ್ನತೆ ಗುರುತಿಗೇ ಬಾರದೆ ಉಳಿಯಲು ಆ ಒಂದು ಮಾತು ಸಾಕಾಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದ ಎಪ್ಪತ್ತು ವರ್ಷದವರ ಸೊಂಟದ ಮೂಳೆ ಮುರಿಯುವುದೂ ಸಹಜವೇ. ಸಹಜವೆಂಬ ಕಾರಣಕ್ಕೆ ಅದನ್ನು ಹಾಗೆಯೇ ಬಿಟ್ಟು ಯಾರೂ ಮನೆಗೆ ಕರೆದುಕೊಂಡು ಹೋಗುವುದಿಲ್ಲ. ಒಂದು ತೊಂದರೆ ಯಾಕೆ ಬಂತು ಎಂಬುದು ನಮಗೆ ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಅದಕ್ಕೆ ಚಿಕಿತ್ಸೆ ಬೇಡವೆಂದು ಆಗುವುದಿಲ್ಲ. ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ನಾವು ಈ ಎರಡನ್ನೂ ಕಲಸಿಬಿಡುತ್ತೇವೆ.

ಹೀಗೆ ಕಣ್ತಪ್ಪಿ ಹೋಗುವ ಪ್ರಮಾಣ ಎಷ್ಟು ಎಂಬುದನ್ನು ನಮ್ಮ ದೇಶದ ಅಂಕಿಗಳೇ ಹೇಳುತ್ತವೆ. 2017–18ರಲ್ಲಿ ನಡೆದ ರಾಷ್ಟ್ರವ್ಯಾಪಿ ಹಿರಿಯರ ಸಮೀಕ್ಷೆಯಾದ ‘ಲಾಸಿ’ಯಲ್ಲಿ, 60 ದಾಟಿದವರಿಗೆ ಕ್ರಮಬದ್ಧ ಪ್ರಶ್ನಾವಳಿಯ ಮೂಲಕ ಕೇಳಿದಾಗ ಶೇ 8.3ರಷ್ಟು ಮಂದಿಯಲ್ಲಿ ಗಂಭೀರ ಖಿನ್ನತೆಯ ಲಕ್ಷಣಗಳು ಕಂಡುಬಂದವು. ತಮಗೆ ಖಿನ್ನತೆ ಇದೆಯೆಂದು ವೈದ್ಯರು ಹೇಳಿದ್ದಾರೆ ಎಂದವರು ಶೇ 0.8 ಮಾತ್ರ, ಅಂದರೆ ಹತ್ತರಲ್ಲಿ ಒಂದು ಪಾಲು. ಇದು ಮನೆಗಳಲ್ಲಿ ವಾಸಿಸುವವರ ಲೆಕ್ಕ. ಆಸ್ಪತ್ರೆಯ ವಾರ್ಡುಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಪಾರ್ಶ್ವವಾಯು ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ, ಹೃದಯಾಘಾತವಾದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿಕೊಟ್ಟ ಸಂಗತಿ.

ಹಾಗಾದರೆ ವೈದ್ಯರ ಕಣ್ಣೆದುರಿಗೇ ಇರುವ ಇಷ್ಟು ಜನ ಹೇಗೆ ತಪ್ಪಿಹೋಗುತ್ತಾರೆ? ಇಲ್ಲಿ ವೈದ್ಯಶಾಸ್ತ್ರದ ಒಳಗೇ ಇರುವ ಒಂದು ತೊಡಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮನೋವೈದ್ಯರು ಖಿನ್ನತೆಯನ್ನು ಒಂಬತ್ತು ಲಕ್ಷಣಗಳಿಂದ ಗುರುತಿಸುತ್ತಾರೆ: ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಅಥವಾ ಸಂತೋಷ ಇಲ್ಲದಿರುವುದು, ಹಸಿವಿನ ಅಥವಾ ತೂಕದ ಏರುಪೇರು, ನಿದ್ದೆಗೇಡು, ಚಲನೆ ಮತ್ತು ಮಾತು ನಿಧಾನವಾಗುವುದು ಅಥವಾ ಚಡಪಡಿಕೆ, ಸುಸ್ತು, ತಾನು ಯಾತಕ್ಕೂ ಬಾರದವನು ಎಂಬ ಭಾವ ಅಥವಾ ತಪ್ಪಿತಸ್ಥ ಭಾವ, ಏಕಾಗ್ರತೆಯ ಕೊರತೆ ಮತ್ತು ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ ಐದು, ಬಹುಪಾಲು ಪ್ರತಿದಿನವೂ, ಎರಡು ವಾರಗಳ ಕಾಲ ಇರಬೇಕು. ಆ ಐದರಲ್ಲಿ ಮೊದಲ ಎರಡರ ಪೈಕಿ ಒಂದಾದರೂ ಇರಲೇಬೇಕು.

ಈ ಪಟ್ಟಿಯನ್ನು ಹಿಡಿದುಕೊಂಡು ಯಾವುದೇ ದೊಡ್ಡಾಸ್ಪತ್ರೆಯ ಮೆಡಿಸಿನ್ ವಾರ್ಡಿಗೆ ಹೋಗಿ ನೋಡಿ. ಹೃದಯ ವೈಫಲ್ಯದವರಿಗೆ ಸುಸ್ತು ಇದ್ದೇ ಇರುತ್ತದೆ. ಕಿಡ್ನಿ ಸೋತವರಿಗೆ ಬಾಯಿ ಕಹಿಯಾಗಿ ಊಟ ಸೇರುವುದಿಲ್ಲ. ಶ್ವಾಸಕೋಶದ ಕಾಯಿಲೆಯವರು ಮಲಗಿದರೆ ಉಸಿರು ಕಟ್ಟುವುದೆಂದು ರಾತ್ರಿಯಿಡೀ ಕುಳಿತೇ ಕಳೆಯುತ್ತಾರೆ. ಪಾರ್ಕಿನ್ಸನ್ ಇರುವವರ ಮುಖದಲ್ಲಿ ಭಾವನೆಯೇ ಕಾಣುವುದಿಲ್ಲ, ನಡಿಗೆ ಮಾತು ಎರಡೂ ನಿಧಾನ. ಒಂಬತ್ತರಲ್ಲಿ ನಾಲ್ಕು ಲಕ್ಷಣಗಳು ನೇರವಾಗಿ ದೇಹದವು, ಏಕಾಗ್ರತೆಯನ್ನೂ ಸೇರಿಸಿದರೆ ಐದು. ಎಲ್ಲವನ್ನೂ ಎಣಿಕೆಗೆ ತೆಗೆದುಕೊಂಡರೆ ವಾರ್ಡಿನ ಅರ್ಧ ಜನರಿಗೆ ಖಿನ್ನತೆಯ ಹಣೆಪಟ್ಟಿ ಅಂಟಿಸಬೇಕಾಗುತ್ತದೆ. ದೇಹದ ಲಕ್ಷಣಗಳನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಬರೆದು ಕೈಬಿಟ್ಟರೆ ನಿಜವಾಗಿ ನರಳುತ್ತಿರುವವರು ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಕೆಲಸದ ಒತ್ತಡದಲ್ಲಿರುವ ವೈದ್ಯರು ಸಾಮಾನ್ಯವಾಗಿ ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ, ಏಕೆಂದರೆ ಸುಸ್ತಿಗೆ ವಿವರಣೆ ಕೊಡಲು ಕೇಸ್ ಶೀಟಿನಲ್ಲಿ ಈಗಾಗಲೇ ನಾಲ್ಕು ಕಾಯಿಲೆಗಳ ಹೆಸರು ಇರುತ್ತದೆ.

ಈ ಇಕ್ಕಟ್ಟಿನಿಂದ ಪಾರಾಗಲು ಸಂಶೋಧಕರು ಕೆಲವು ದಾರಿಗಳನ್ನು ಹುಡುಕಿದ್ದಾರೆ. ಕ್ಯಾನ್ಸರ್ ರೋಗಿಗಳನ್ನು ಗಮನದಲ್ಲಿಟ್ಟುಕೊಂಡು ಜೀನ್ ಎಂಡಿಕಾಟ್ 1984ರಲ್ಲಿ ಸೂಚಿಸಿದ ಕ್ರಮದಲ್ಲಿ ದೇಹದ ಲಕ್ಷಣಗಳ ಜಾಗದಲ್ಲಿ ಬೇರೆ ಲಕ್ಷಣಗಳನ್ನು ಕೂರಿಸಲಾಯಿತು. ಹಸಿವಿನ ಬದಲಿಗೆ ಮುಖದಲ್ಲಿ ಕಾಣುವ ಭಯ ಅಥವಾ ದುಗುಡ, ನಿದ್ದೆಯ ಬದಲಿಗೆ ಜನರಿಂದ ದೂರ ಸರಿಯುವುದು ಮತ್ತು ಮಾತು ಕಡಿಮೆಯಾಗುವುದು, ಸುಸ್ತಿನ ಬದಲಿಗೆ ಕೊರಗು, ತನ್ನ ಬಗ್ಗೆ ತಾನೇ ಮರುಗುವುದು ಮತ್ತು ನಿರಾಶೆ, ಏಕಾಗ್ರತೆಯ ಬದಲಿಗೆ ಒಳ್ಳೆಯ ಸುದ್ದಿ ಬಂದರೂ ಮುಖ ಅರಳದಿರುವುದು. ನನ್ನ ಮಟ್ಟಿಗೆ ಈ ಕೊನೆಯದು ಬಹಳ ಬೆಲೆಯುಳ್ಳ ಸೂಚನೆ, ಏಕೆಂದರೆ ಅದನ್ನು ನೋಡಲು ಯಾವ ತರಬೇತಿಯೂ ಬೇಡ. ಕಾಯಿಲೆಯಿಂದ ನೊಂದವರು ಮೊಮ್ಮಗು ಬಂದಾಗ ನೋವಿನ ನಡುವೆಯೂ ಒಂದು ಕ್ಷಣ ನಗುತ್ತಾರೆ, ಪಕ್ಕದ ಮಂಚದವರು ಊರಿಗೆ ಹೊರಟಾಗ ಎರಡು ಮಾತಾಡುತ್ತಾರೆ. ಖಿನ್ನತೆಯಲ್ಲಿರುವವರ ಮುಖದಲ್ಲಿ ಆ ಒಂದು ಕ್ಷಣವೂ ಬರುವುದಿಲ್ಲ. ದೊಡ್ಡಮ್ಮನ ಮೊಮ್ಮಗಳು ತನ್ನ ಪಿಯುಸಿ ಅಂಕಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿದಾಗ ಅವರು ‘ಹೂಂ’ ಎಂದು ಕಣ್ಣು ಮುಚ್ಚಿಕೊಂಡರು. ಆ ಹುಡುಗಿಗೆ ಮಗ್ಗಿ ಕಲಿಸಿದವರು ಅವರೇ.

ಇನ್ನೊಂದು ದಾರಿ ಹಿರಿಯರಿಗೆಂದೇ ರೂಪಿಸಿದ ಪ್ರಶ್ನಾವಳಿ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಜೆರೋಮ್ ಯೆಸವೇಜ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಹಿರಿಯರ ಖಿನ್ನತೆಯ ಮಾಪನದಲ್ಲಿ 30 ಪ್ರಶ್ನೆಗಳಿದ್ದವು, 1986ರಲ್ಲಿ ಅದರ 15 ಪ್ರಶ್ನೆಗಳ ಕಿರು ರೂಪ ಬಂತು. ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದರೆ ಸಾಕು. ಇದರಲ್ಲಿ ನಿದ್ದೆ, ಹಸಿವು, ನೋವುಗಳ ಪ್ರಶ್ನೆಗಳನ್ನು ಬೇಕೆಂದೇ ಕೈಬಿಟ್ಟು ಬೇಸರ, ಭರವಸೆ, ಅಸಹಾಯಕತೆ, ತಾನು ಬದುಕಿರುವುದು ವ್ಯರ್ಥವೆಂಬ ಭಾವಗಳನ್ನು ಕೇಳಲಾಗುತ್ತದೆ. ಕಿರು ರೂಪದಲ್ಲಿ ಐದಕ್ಕಿಂತ ಹೆಚ್ಚು ಅಂಕ ಬಂದರೆ ಮನೋವೈದ್ಯರು ನೋಡುವುದು ಒಳ್ಳೆಯದು. ಆದರೆ ಮನೆಯಿಂದ ಹೊರಗೆ ಹೋಗುವ ಮನಸ್ಸಿದೆಯೇ ಎಂಬಂಥ ಪ್ರಶ್ನೆಯನ್ನು ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿರುವವರಿಗೆ ಕೇಳುವಾಗ ವಿವೇಚನೆ ಬೇಕು. ಮಾಪನ ಬಾಗಿಲು ತಟ್ಟುತ್ತದೆ ಅಷ್ಟೆ, ಒಳಗೆ ಹೋಗಿ ಕೂತು ಮಾತಾಡುವ ಕೆಲಸ ಮನುಷ್ಯರದೇ.

ಬಿಚ್ಚದ ಪತ್ರಿಕೆಗಳ ವಿಷಯಕ್ಕೆ ಮರಳುತ್ತೇನೆ. ಅದನ್ನು ನೋಡಿದ ಕೂಡಲೇ ಖಿನ್ನತೆ ಎಂದು ತೀರ್ಮಾನಿಸುವುದೂ ಅಷ್ಟೇ ಅವಸರದ ಕೆಲಸವಾಗುತ್ತಿತ್ತು. ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬಂದಿರಬಹುದು, ಆಂಬುಲೆನ್ಸಿನ ಗಡಿಬಿಡಿಯಲ್ಲಿ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮೂರೂ ಮರೆಯುವುದು ತೀರ ಸಾಮಾನ್ಯ. ಕಿವಿ ಕೇಳಿಸದ ಹಿರಿಯರು ಮಾತಿಗೆ ಉತ್ತರಿಸದೆ ಸುಮ್ಮನಿದ್ದರೆ ಅದು ಮನಸ್ಸಿನ ಕುಗ್ಗುವಿಕೆಯಂತೆಯೇ ಕಾಣುತ್ತದೆ. ದೊಡ್ಡಮ್ಮನ ಕನ್ನಡಕ ದಿಂಬಿನ ಪಕ್ಕದಲ್ಲೇ ಇತ್ತು ಎಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಬೇರೆ ಕಾರಣಗಳ ಯೋಚನೆ.

ಅವುಗಳಲ್ಲಿ ತುರ್ತಾಗಿ ಗಮನಿಸಬೇಕಾದದ್ದು ಡೆಲಿರಿಯಂ, ಅಂದರೆ ಹಳೆಯವರು ಸನ್ನಿ ಎನ್ನುತ್ತಿದ್ದ ಸ್ಥಿತಿ. ಸನ್ನಿ ಎಂದರೆ ಕೂಗಾಡುವುದು, ಡ್ರಿಪ್ ಕಿತ್ತುಹಾಕುವುದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಆದರೆ ಹಿರಿಯರಲ್ಲಿ ಅದು ಎಷ್ಟೋ ಸಲ ಸದ್ದಿಲ್ಲದೆ ಬರುತ್ತದೆ: ರೋಗಿ ಮಂಕಾಗುತ್ತಾರೆ, ತೂಕಡಿಸುತ್ತಾರೆ, ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ಮೂತ್ರದ ಸೋಂಕು, ಸೋಡಿಯಂ ಕುಸಿತ, ಮಲಬದ್ಧತೆ, ನಿದ್ದೆ ಮಾತ್ರೆ, ಹೀಗೆ ಕಾರಣ ಯಾವುದೂ ಇರಬಹುದು ಮತ್ತು ಅದನ್ನು ಕೂಡಲೇ ಹುಡುಕದಿದ್ದರೆ ಜೀವಕ್ಕೇ ಅಪಾಯ. ಡೆಲಿರಿಯಂ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಶುರುವಾಗುತ್ತದೆ, ಖಿನ್ನತೆ ವಾರಗಳಲ್ಲಿ. ಡೆಲಿರಿಯಂ ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಇರುತ್ತದೆ. ಗಮನ ನಿಲ್ಲುವುದೇ ಇಲ್ಲ. ವಾರದ ದಿನಗಳನ್ನು ಶನಿವಾರದಿಂದ ಹಿಮ್ಮುಖವಾಗಿ ಹೇಳಿ ಎಂದರೆ ಖಿನ್ನತೆ ಇರುವವರು ನಿಧಾನವಾಗಿ, ಬೇಸರದಿಂದ, ‘ಯಾಕೆ ಕೇಳ್ತೀರಿ’ ಎನ್ನುತ್ತಲೇ ಆದರೂ ಸಾಮಾನ್ಯವಾಗಿ ಹೇಳಿ ಮುಗಿಸುತ್ತಾರೆ. ಡೆಲಿರಿಯಂ ಇರುವವರು ಗುರುವಾರದ ಹೊತ್ತಿಗೆ ದಾರಿ ತಪ್ಪುತ್ತಾರೆ ಅಥವಾ ಪ್ರಶ್ನೆಯನ್ನೇ ಮರೆಯುತ್ತಾರೆ. ಈ ವ್ಯತ್ಯಾಸವನ್ನು ಹೇಳಬಲ್ಲವರು ಜೊತೆಗಿರುವ ಮನೆಯವರೇ, ಏಕೆಂದರೆ ಹಿಂದಿನ ವಾರ ಆ ವ್ಯಕ್ತಿ ಹೇಗಿದ್ದರು ಎಂಬುದು ವೈದ್ಯರಿಗೆ ಗೊತ್ತಿರುವುದಿಲ್ಲ. ‘ಇವರು ಯಾವಾಗಲೂ ಹೀಗೇನಾ?’ ಎಂಬ ಪ್ರಶ್ನೆಗೆ ಮನೆಯವರು ಯೋಚಿಸಿ ಕೊಡುವ ಉತ್ತರ ಎಷ್ಟೋ ಪರೀಕ್ಷೆಗಳಿಗಿಂತ ಮಿಗಿಲು.

ಮರೆಗುಳಿತನದ ಕಾಯಿಲೆಯೂ ಹೀಗೆಯೇ ಗೊಂದಲಕ್ಕೆ ಕಾರಣವಾಗುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದರೆ, ಬಿ12 ಜೀವಸತ್ವ ಕಡಿಮೆಯಾದರೆ ಮನಸ್ಸು ಕುಗ್ಗಿ ಮೈ ಭಾರವಾಗುತ್ತದೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದು ಹೆಚ್ಚು. ಬೆಂಗಳೂರಿನ ಎಷ್ಟು ಮನೆಗಳಲ್ಲಿ ಈ ಎರಡೂ ಒಟ್ಟಿಗೆ ಇವೆ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಸ್ಟೀರಾಯ್ಡ್ ಔಷಧಿಗಳೂ ಮನಸ್ಸನ್ನು ಏರುಪೇರು ಮಾಡಬಲ್ಲವು. ಆದ್ದರಿಂದ ಒಂದಿಷ್ಟು ರಕ್ತಪರೀಕ್ಷೆ ಮತ್ತು ಮಾತ್ರೆಗಳ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸುವುದು ಖಿನ್ನತೆಯ ತಪಾಸಣೆಯ ಭಾಗವೇ ಆಗಿದೆ. ದೊಡ್ಡಮ್ಮನಿಗೆ ಬಿ12 ತೀರ ಕಡಿಮೆ ಇತ್ತು. ಖಿನ್ನತೆಯೂ ಇತ್ತು. ಒಂದು ಕಾರಣ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಬಾರದು ಎಂಬುದು ಇದರಿಂದ ನನಗೆ ಮನದಟ್ಟಾಯಿತು.

ದೇಹದ ಕಾಯಿಲೆ ಮನಸ್ಸನ್ನು ಹೇಗೆ ಹಿಡಿಯುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಸೋಂಕು ಅಥವಾ ಉರಿಯೂತ ಇದ್ದಾಗ ದೇಹದಲ್ಲಿ ಸೈಟೊಕೈನ್ ಎಂಬ ರಾಸಾಯನಿಕಗಳು ಹೆಚ್ಚಾಗುತ್ತವೆ. ಜ್ವರ ಬಂದಾಗ ಯಾರೂ ಬೇಡ, ಏನೂ ಬೇಡ ಎಂದು ಹೊದ್ದು ಮಲಗಬೇಕೆನಿಸುವುದು ಇವುಗಳ ಪ್ರಭಾವದಿಂದಲೇ. ಯಕೃತ್ತಿನ ಹೆಪಟೈಟಿಸ್ ಸಿ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್ ಕೂಡ ಒಂದು ಸೈಟೊಕೈನ್, ಅದನ್ನು ಪಡೆದವರಲ್ಲಿ ಅನೇಕರಿಗೆ ಚಿಕಿತ್ಸೆಯ ನಡುವೆಯೇ ಖಿನ್ನತೆ ಕಾಣಿಸಿಕೊಳ್ಳುತ್ತಿತ್ತು. ದೇಹದ ರಸಾಯನವೊಂದೇ ಮನಸ್ಸನ್ನು ಕೆಳಗೆಳೆಯಬಲ್ಲದು ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಹಳೆಯ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸಿ, ಮನಸ್ಥಿತಿಯನ್ನು ಕಾಯುವ ನರಜಾಲಗಳನ್ನು ಒಳಗೊಳಗೇ ಸಡಿಲಗೊಳಿಸುತ್ತವೆ ಎಂಬ ವಾದವನ್ನು 1997ರಲ್ಲಿ ಅಲೆಕ್ಸೊಪೌಲಸ್ ಮತ್ತು ಸಂಗಡಿಗರು ‘ರಕ್ತನಾಳದ ಖಿನ್ನತೆ’ ಎಂಬ ಹೆಸರಿನಲ್ಲಿ ಮುಂದಿಟ್ಟರು. ಇಂಥವರಲ್ಲಿ ಅಳುವಿಗಿಂತ ಉತ್ಸಾಹವೇ ಇಲ್ಲದಿರುವುದು, ಕೆಲಸಕ್ಕೆ ಕೈ ಹಾಕಲಾಗದಿರುವುದು ಹೆಚ್ಚು ಕಾಣುತ್ತದೆ. ಮನೆಯವರು ಅದನ್ನು ಸೋಮಾರಿತನವೆಂದೋ ಹಟವೆಂದೋ ತಿಳಿಯುತ್ತಾರೆ.

ಬದುಕಿನ ಕಾರಣಗಳಂತೂ ಇದ್ದೇ ಇವೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಕೂರುವವರ ವಾರದಲ್ಲಿ ಅವರದೇ ಎಂದು ಉಳಿಯುವ ದಿನಗಳೆಷ್ಟು? ಮಗ ರಜೆ ಹಾಕಿ ಬಿಲ್ ಕೌಂಟರಿನ ಮುಂದೆ ನಿಂತಿರುವುದನ್ನು ನೋಡುವ ತಂದೆಗೆ ಔಷಧಿಯ ಪ್ರತಿ ಚೀಟಿಯೂ ತಾನು ಹೊರಿಸಿದ ಸಾಲದಂತೆ ಕಾಣುತ್ತದೆ. ಮಕ್ಕಳು ಹೊರದೇಶದಲ್ಲಿದ್ದು, ಸಂಬಳದ ಕೇರ್‌ಟೇಕರ್ ಒಬ್ಬರೇ ಜೊತೆಗಿರುವ ಹಿರಿಯರ ಸಂಖ್ಯೆ ಈ ಊರಿನಲ್ಲಿ ಕಡಿಮೆಯೇನಲ್ಲ.

ಇದರ ಪರಿಣಾಮ ಮನಸ್ಸಿನಲ್ಲೇ ನಿಲ್ಲುವುದಿಲ್ಲ. ಖಿನ್ನತೆ ಇರುವ ರೋಗಿಗಳು ವೈದ್ಯರ ಸಲಹೆಯನ್ನು ಪಾಲಿಸದಿರುವ ಸಾಧ್ಯತೆ ಮೂರು ಪಟ್ಟು ಎಂದು 2000ದಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹೇಳುತ್ತದೆ. ಇನ್ಸುಲಿನ್ ತಪ್ಪುತ್ತದೆ, ಫಿಸಿಯೋಥೆರಪಿಗೆ ಏಳುವುದಿಲ್ಲ, ಮಂಚದಲ್ಲೇ ಇದ್ದು ಸ್ನಾಯುಗಳು ಸೊರಗುತ್ತವೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹೃದಯಾಘಾತದಿಂದ ಆಸ್ಪತ್ರೆ ಸೇರಿದ 222 ಜನರನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ ಇದ್ದವರು ಮುಂದಿನ ಆರು ತಿಂಗಳಲ್ಲಿ ತೀರಿಕೊಳ್ಳುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. 2014ರಲ್ಲಿ ಅಮೆರಿಕದ ಹೃದಯ ಸಂಘವು ಹೃದಯಾಘಾತದ ನಂತರದ ಖಿನ್ನತೆಯನ್ನು ಅಪಾಯಕಾರಿ ಅಂಶವಾಗಿ ಪರಿಗಣಿಸಬೇಕೆಂದು ಹೇಳಿತು. ಆದರೆ ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ, 2,481 ಹೃದ್ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವು ಹೌದೆಂದು ಹೇಳಲಿಲ್ಲ. ಮನಸ್ಸು ಸುಧಾರಿಸಿತು, ಸಾವಿನ ಪ್ರಮಾಣ ಬದಲಾಗಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಉಳಿದ ದಿನಗಳು ಎಷ್ಟೇ ಇರಲಿ, ಅವನ್ನು ಗೋಡೆ ನೋಡುತ್ತಾ ಕಳೆಯದಂತೆ ಮಾಡುವುದೇ ಚಿಕಿತ್ಸೆಗೆ ಸಾಕಷ್ಟು ಕಾರಣವೆಂದು ನಾನು ನಂಬುತ್ತೇನೆ.

ಕೇಳುವುದು ಹೇಗೆ ಎಂಬುದಕ್ಕೆ ನಮ್ಮ ಭಾಷೆಯ ಕಡೆ ತಿರುಗಬೇಕು. ‘ನನಗೆ ಖಿನ್ನತೆ ಇದೆ’ ಎಂದು ಯಾವ ಅಜ್ಜಿಯೂ ಹೇಳುವುದಿಲ್ಲ. ‘ನಿಶ್ಶಕ್ತಿ’, ‘ಎದೆ ಭಾರ’, ‘ತಲೆಯೆಲ್ಲ ಜುಂ ಅನ್ನುತ್ತೆ’, ‘ಕೈಕಾಲು ಸೆಳೆತ’, ‘ಯಾಕೋ ಏನೂ ಬೇಡ’, ‘ಸಾಕಾಗಿದೆ’ ಎನ್ನುತ್ತಾರೆ. ಇವು ದೇಹದ ದೂರುಗಳೂ ಹೌದು, ಮನಸ್ಸಿನ ದೂರುಗಳೂ ಹೌದು. ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಮಲಯಾಳಿ, ಹೊಸದಾಗಿ ಬಂದ ಪಿಜಿ ಡಾಕ್ಟರ್ ಉತ್ತರ ಭಾರತದವರು, ರೋಗಿಗೆ ಬರುವುದು ಕನ್ನಡ ಮಾತ್ರ ಎಂದಾದರೆ ಈ ಮಾತುಗಳ ಒಳದನಿ ಯಾರಿಗೂ ತಲುಪುವುದಿಲ್ಲ. ಆಗ ಮಗನೋ ಸೊಸೆಯೋ ದುಭಾಷಿಯಾಗುತ್ತಾರೆ, ಮತ್ತು ಅವರ ಮುಂದೆ ಹಿರಿಯರು ಮನಸ್ಸು ಬಿಚ್ಚುವುದಿಲ್ಲ. ಮನೆಯವರನ್ನು ಐದು ನಿಮಿಷ ಕಾಫಿಗೆ ಕಳುಹಿಸಿ, ಕುರ್ಚಿ ಎಳೆದುಕೊಂಡು, ಅವರ ಕಣ್ಣಿನ ಮಟ್ಟಕ್ಕೆ ಕೂತು, ‘ಅಮ್ಮಾ, ಮನಸ್ಸಿಗೆ ಹೇಗನ್ನಿಸ್ತಿದೆ? ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಈಗ್ಲೂ ಬೇಕು ಅನ್ಸುತ್ತಾ?’ ಎಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಡ. ದೊಡ್ಡಮ್ಮನನ್ನು ಹಾಗೆ ಕೇಳಿದವರು ಎಂಟನೆಯ ದಿನ ಬಂದ ಮನೋವೈದ್ಯರು. ಬಾಗಿಲಾಚೆ ನಿಂತಿದ್ದ ನನಗೂ ದೊಡ್ಡಮ್ಮನ ಉತ್ತರ ಕೇಳಿಸಿತು: ‘ಪೇಪರ್ ತಂದಿಡ್ತಾಳೆ ಪಾಪ. ಓದಿ ಏನ್ ಮಾಡ್ಲಿ? ಇವರಿಗೆಲ್ಲ ನನ್ನಿಂದ ತೊಂದ್ರೆ ಅಷ್ಟೆ.’

ಸಾವಿನ ಮಾತನ್ನು ಎತ್ತಲು ಎಲ್ಲರಿಗೂ ಹಿಂಜರಿಕೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂಬ ಭಯಕ್ಕೆ ಆಧಾರವಿಲ್ಲ, ಕೇಳಿದಾಗ ಬಹಳಷ್ಟು ಜನರಿಗೆ ಹಗುರವೆನಿಸುತ್ತದೆ. ‘ದೇವರು ಬೇಗ ಕರ್ಕೊಂಡ್ರೆ ಸಾಕು’ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಸಾಮಾನ್ಯ. ತುಂಬು ಬಾಳು ಬಾಳಿದವರ ನೆಮ್ಮದಿಯ ಮಾತೂ ಅದಾಗಿರಬಹುದು, ಖಿನ್ನತೆಯ ಮಾತೂ ಆಗಿರಬಹುದು. ಆ ಮಾತು ಬಂದಾಗ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸದೆ, ಜೀವ ಕಳೆದುಕೊಳ್ಳಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ, ಅದಕ್ಕೆ ಏನಾದರೂ ಯೋಚನೆ ಮಾಡಿದ್ದೀರಾ ಎಂದು ಮುಂದುವರಿಸಿ ಕೇಳಬೇಕು. ಹೌದೆಂದರೆ ಅವರನ್ನು ಒಬ್ಬರನ್ನೇ ಬಿಡದೆ ಅದೇ ದಿನ ಮನೋವೈದ್ಯರನ್ನು ಕರೆಸಬೇಕು. ಊಟ ಬಿಡುವುದು, ಇನ್ಸುಲಿನ್ ಬೇಡವೆನ್ನುವುದು, ಡಯಾಲಿಸಿಸ್ ನಿಲ್ಲಿಸಿ ಎನ್ನುವುದು ಕೂಡ ಕೆಲವೊಮ್ಮೆ ಅದೇ ಇಚ್ಛೆಯ ಇನ್ನೊಂದು ರೂಪ. ಚೆನ್ನಾಗಿ ಯೋಚಿಸಿ ಚಿಕಿತ್ಸೆ ಸಾಕೆನ್ನುವ ಹಕ್ಕು ರೋಗಿಗಿದೆ. ಆ ತೀರ್ಮಾನದ ಹಿಂದೆ ಗುಣಪಡಿಸಬಹುದಾದ ಖಿನ್ನತೆ ಇದೆಯೇ ಎಂದು ಮೊದಲು ನೋಡುವ ಹೊಣೆ ನಮ್ಮದು.

ಚಿಕಿತ್ಸೆಯಲ್ಲಿ ಔಷಧಿ ಒಂದು ಭಾಗ ಮಾತ್ರ, ಹಿರಿಯರಲ್ಲಿ ಅದಕ್ಕೆ ಎಚ್ಚರವೂ ಹೆಚ್ಚು ಬೇಕು. ಕಡಿಮೆ ಪ್ರಮಾಣದಿಂದ ಶುರು ಮಾಡಿ ನಿಧಾನವಾಗಿ ಏರಿಸುವುದು ರೂಢಿ. ಇಂದು ಹೆಚ್ಚಾಗಿ ಬಳಸುವ ಸರ್ಟ್ರಲಿನ್, ಎಸ್ಸಿಟಲೊಪ್ರಾಮ್‌ಗಳ ಗುಂಪಿನ ಮಾತ್ರೆಗಳಿಂದ ಮೊದಲ ಕೆಲವು ವಾರಗಳಲ್ಲಿ ರಕ್ತದ ಸೋಡಿಯಂ ಕುಸಿಯಬಹುದು, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆಸ್ಪಿರಿನ್ ಅಥವಾ ನೋವಿನ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಸಂಭವವೂ ಏರುತ್ತದೆ, ಏಕೆಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೂ ಸೆರೊಟೋನಿನ್ ಎಂಬ ರಾಸಾಯನಿಕ ಬೇಕು, ಅವು ಅದನ್ನು ಹೀರಿಕೊಳ್ಳದಂತೆ ಈ ಮಾತ್ರೆಗಳು ತಡೆಯುತ್ತವೆ. 60 ದಾಟಿದವರಿಗೆ ಇದೇ ಗುಂಪಿನ ಸಿಟಲೊಪ್ರಾಮ್ ದಿನಕ್ಕೆ 20 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿರುವುದು ಹೃದಯದ ಬಡಿತದ ಲಯ ಕೆಡದಿರಲೆಂದು. ಅಮಿಟ್ರಿಪ್ಟಿಲಿನ್‌ನಂತಹ ಹಳೆಯ ಮಾತ್ರೆಗಳು ಎದ್ದು ನಿಂತಾಗ ರಕ್ತದೊತ್ತಡ ಇಳಿಸಿ ಬೀಳಿಸಬಹುದು, ಮೂತ್ರ ಕಟ್ಟಿಸಬಹುದು. ಹೃದಯಾಘಾತದ ನಂತರ ಸರ್ಟ್ರಲಿನ್ ಸುರಕ್ಷಿತವೆಂದು 2002ರ ಪ್ರಯೋಗ ತೋರಿಸಿದೆ. ಆದರೆ ಹೃದಯ ವೈಫಲ್ಯದವರಲ್ಲಿ ಮತ್ತು ಡಯಾಲಿಸಿಸ್ ಹಂತ ತಲುಪದ ಕಿಡ್ನಿ ರೋಗಿಗಳಲ್ಲಿ ಅದೇ ಮಾತ್ರೆ ಔಷಧಿಯಿಲ್ಲದ ಹುಸಿಮಾತ್ರೆಗಿಂತ ಹೆಚ್ಚಿನ ಫಲ ಕೊಡಲಿಲ್ಲ. ಮಾತ್ರೆ ಬರೆದುಕೊಟ್ಟರೆ ಕೆಲಸ ಮುಗಿಯಿತು ಎನ್ನುವಂತಿಲ್ಲ.

ಮಾತಿನ ಚಿಕಿತ್ಸೆ ಎಂದರೆ ಉಪದೇಶವೆಂದು ತಿಳಿಯಬಾರದು. ದಿನಕ್ಕೆ ಒಂದು ಸಣ್ಣ ಕೆಲಸವನ್ನು ಗೊತ್ತುಮಾಡಿಕೊಂಡು, ಮನಸ್ಸು ಬರುವವರೆಗೆ ಕಾಯದೆ ಮಾಡುವುದು, ಎದುರಿರುವ ಸಮಸ್ಯೆಗಳನ್ನು ಬಿಡಿಸಿ ಒಂದೊಂದಾಗಿ ನೋಡುವುದು ಹಿರಿಯರಿಗೆ ನೆರವಾಗಿವೆ. ಅಮೆರಿಕದಲ್ಲಿ 60 ದಾಟಿದ 1,801 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅವರ ಮಾಮೂಲಿ ವೈದ್ಯರ ಜೊತೆಗೆ ನಿಯಮಿತವಾಗಿ ವಿಚಾರಿಸುವ ಒಬ್ಬ ಆರೈಕೆ ನಿರ್ವಾಹಕರು ಮತ್ತು ಹಿನ್ನೆಲೆಯಲ್ಲಿ ಸಲಹೆ ಕೊಡುವ ಮನೋವೈದ್ಯರು ಇದ್ದರು. ಒಂದು ವರ್ಷದಲ್ಲಿ ಈ ಗುಂಪಿನ ಶೇ 45 ಮಂದಿಯಲ್ಲಿ ಲಕ್ಷಣಗಳು ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದವು, ಸಾಮಾನ್ಯ ಚಿಕಿತ್ಸೆಯವರಲ್ಲಿ ಶೇ 19. ಇಂಥದೇ ಕ್ರಮವನ್ನು ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 404 ಜನರಿಗೆ ಭಾರತದ ನಾಲ್ಕು ಚಿಕಿತ್ಸಾಲಯಗಳಲ್ಲಿ ಅಳವಡಿಸಿ ನೋಡಿದಾಗಲೂ ಫಲಿತಾಂಶ ಉತ್ತಮವಾಗಿತ್ತು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಒಂದು ಕೇಂದ್ರ ಬೆಂಗಳೂರಿನಲ್ಲೇ ಇತ್ತು. ಊಟ ನೀರು ಪೂರ್ತಿ ಬಿಟ್ಟವರಿಗೆ, ಭ್ರಮೆಗಳು ಜೊತೆಗೂಡಿದ ತೀವ್ರ ಖಿನ್ನತೆಗೆ ವಿದ್ಯುತ್ ಕಂಪನ ಚಿಕಿತ್ಸೆ (ಜನ ಶಾಕ್ ಎನ್ನುವುದು) ಜೀವ ಉಳಿಸುವಷ್ಟು ಪರಿಣಾಮಕಾರಿ. ಅರಿವಳಿಕೆ ಕೊಟ್ಟು ಮಾಡುವ ಇಂದಿನ ವಿಧಾನಕ್ಕೂ ಸಿನಿಮಾಗಳು ಉಳಿಸಿಹೋದ ಚಿತ್ರಕ್ಕೂ ಸಂಬಂಧವಿಲ್ಲ.

ದೊಡ್ಡಮ್ಮನಿಗೆ ಬಿ12 ಚುಚ್ಚುಮದ್ದು, ನಿದ್ದೆ ಮತ್ತು ಹಸಿವಿಗೂ ನೆರವಾಗುವ ಮಿರ್ಟಾಜಪಿನ್ ರಾತ್ರಿ ಅರ್ಧ ಮಾತ್ರೆ, ವಾರಕ್ಕೊಮ್ಮೆ ಆಪ್ತಸಮಾಲೋಚಕರ ಭೇಟಿ ಎಂದು ಶುರುವಾಯಿತು. ಹತ್ತು ದಿನಕ್ಕೆ ನಿದ್ದೆ ಸುಧಾರಿಸಿತು, ಮನಸ್ಸು ಸುಧಾರಿಸಲಿಲ್ಲ, ನಾವೆಲ್ಲ ಕಂಗಾಲಾದೆವು. ಔಷಧಿಯ ಪೂರ್ಣ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ, ಹಿರಿಯರಲ್ಲಿ ಇನ್ನೂ ಹೆಚ್ಚು ಬೇಕಾಗಬಹುದು ಎಂಬುದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ದಿನಗಳು ಅಷ್ಟು ಭಾರವಾಗುತ್ತಿರಲಿಲ್ಲ. ಐದನೆಯ ವಾರದಲ್ಲಿ ಅವರು ಕೆಲಸದವಳ ಮಗುವಿನ ಕಾಪಿ ತಿದ್ದಿದರು. ಮರುದಿನ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಹೀಗೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ಮೂರು ತಿಂಗಳು ಹಿಡಿಯಿತು.

ಇಷ್ಟೆಲ್ಲ ಆದ ಮೇಲೂ ಎಳೆ ತಪ್ಪುವ ಜಾಗವೆಂದರೆ ಡಿಸ್ಚಾರ್ಜ್. ಬಿಲ್ಲು, ಇನ್ಶೂರೆನ್ಸ್ ಅನುಮತಿ, ಕ್ಯಾಬಿನ ಗಡಿಬಿಡಿಯಲ್ಲಿ ಕೈಗೆ ಬರುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೃದಯ, ಕಿಡ್ನಿ, ಸಕ್ಕರೆ ಎಲ್ಲವೂ ಇರುತ್ತವೆ, ಖಿನ್ನತೆಯ ಹೆಸರು ಇರುವುದಿಲ್ಲ. ದೊಡ್ಡಮ್ಮನ ಕಾಗದದಲ್ಲೂ ಇರಲಿಲ್ಲ. ಮಗಳು ಹಿಂದಿರುಗಿ ಹೋಗಿ ಕೇಳಿ ಬರೆಸಿಕೊಂಡಳು. ಅದು ಬರಹದಲ್ಲಿ ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಹೃದ್ರೋಗ ತಜ್ಞರು ಆ ಮಾತ್ರೆ ಯಾಕೆಂದು ತಿಳಿಯದೆ ನಿಲ್ಲಿಸಬಹುದು, ಗುಣ ಕಂಡ ಕೂಡಲೇ ಮನೆಯವರೂ ನಿಲ್ಲಿಸಬಹುದು. ಲಕ್ಷಣಗಳು ಹೋದ ಮೇಲೂ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಔಷಧಿ ಮುಂದುವರಿಸುವುದು ವಾಡಿಕೆ. ಮಾತ್ರೆಯ ಹೆಸರು ಮತ್ತು ಪ್ರಮಾಣ, ಸೋಡಿಯಂ ಪರೀಕ್ಷೆ ಯಾವಾಗ, ಮನೋವೈದ್ಯರ ಮುಂದಿನ ಭೇಟಿ ಯಾವ ದಿನ, ಇಷ್ಟನ್ನು ಹೊರಡುವ ಮುನ್ನ ಬರೆಸಿಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆಯ ವ್ಯವಸ್ಥೆ ಮಾಡಬೇಕು, ಆದ್ದರಿಂದ ಖಿನ್ನತೆ ಎಂದು ಬರೆಸಲು ಅಂಜಬೇಕಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಿರಿಯರ ಮಾನಸಿಕ ಆರೋಗ್ಯಕ್ಕೆಂದೇ ಸೇವೆಯಿದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಜೊತೆಗಿದ್ದು ನೋಡಿಕೊಳ್ಳುವವರೂ ಮಾಡಬಹುದು.